‘ಹುಳ ಬಿತ್ತು’ ಅಂತ ಖುಷಿಪಟ್ಟ ದಡ್ಡ ನಾನೇ

ನಾಚಿಕೆ ಬಿಟ್ಟು ಬರೀತಿದ್ದೀನಿ. 6,800 ರೂಪಾಯಿ ಹೋಯ್ತು, ಮರ್ಯಾದೆ ಅದಕ್ಕಿಂತ ಜಾಸ್ತಿ ಹೋಯ್ತು.

ಮೂರು ವಾರದಿಂದ ಹೊಟ್ಟೆ ಉಬ್ಬರ, ಜಿಡ್ಡುಜಿಡ್ಡು ಭೇದಿ, ಕೊಳೆತ ಮೊಟ್ಟೆ ವಾಸನೆಯ ತೇಗು. ಅಷ್ಟರಲ್ಲಿ ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ‘ಉಚಿತ ತಪಾಸಣೆ’. ಕೈಗೊಂದು ಲೋಹದ ಕಡ್ಡಿ ಕೊಟ್ಟರು. ಒಂದು ನಿಮಿಷ ಹಿಡಿದೆ, ಲ್ಯಾಪ್‌ಟಾಪ್‌ನಿಂದ 30 ಪುಟದ ರಿಪೋರ್ಟ್ ಬಂತು. ‘ಕರುಳಲ್ಲಿ ಜಂತು’ ಅಂತ ಕೆಂಪಕ್ಷರದಲ್ಲಿ. ರಕ್ತ ಬೇಡ, ಮಲ ಬೇಡ, ಕಡ್ಡಿ ಹಿಡಿದರೆ ಹುಳ ಗೊತ್ತಾಗುತ್ತಂತೆ! ಆಗಲೇ ಎದ್ದು ಬರಬೇಕಿತ್ತು. ಬರಲಿಲ್ಲ. 21 ದಿನದ ಪುಡಿ ತಗೊಂಡು ಬಂದೆ.

ನಾಲ್ಕನೇ ದಿನ ಕಮೋಡ್‌ನಲ್ಲಿ ಗೇಣುದ್ದದ ಬೂದು ಲೋಳೆ ಎಳೆಗಳು. ಫೋಟೊ ತೆಗೆದು (ಹೌದು, ತೆಗೆದೆ) ಅವರ ವಾಟ್ಸಾಪ್‌ಗೆ ಕಳಿಸಿದೆ. ‘ಕಂಗ್ರಾಟ್ಸ್ ಸರ್, ಹುಳ ಬೀಳ್ತಿದೆ! ಇನ್ನೊಂದು ಡಬ್ಬಿ ತಗೊಳ್ಳಿ, ಮೊಟ್ಟೆನೂ ಹೋಗುತ್ತೆ.’ ತಗೊಂಡೆ. ಹೆಂಡತಿಯನ್ನ ಕರೆದು ಫೋಟೊ ತೋರಿಸಿದೆ ಬೇರೆ.

ಭೇದಿ ಮಾತ್ರ ನಿಲ್ಲಲಿಲ್ಲ. ಕೊನೆಗೆ ಡಾಕ್ಟರ ಹತ್ತಿರ ಹೋದೆ. ಅವರು ಡಬ್ಬಿ ಹಿಂದಿನ ಸಣ್ಣಕ್ಷರ ಓದಿ ನಕ್ಕುಬಿಟ್ಟರು. ಮೊದಲ ಹೆಸರೇ ಇಸಬ್ಗೋಲು. ಹೊಟ್ಟೆಯಲ್ಲಿ ನೀರು ಹೀರಿ ಉಬ್ಬಿದ್ದು ಹಾಗೇ ಹೊರಗೆ ಬಂದಿದೆ, ಅಷ್ಟೇ. ಮನೆಗೆ ಬಂದು ಒಂದು ಚಮಚ ಪುಡಿ ಲೋಟದ ನೀರಿಗೆ ಹಾಕಿಟ್ಟೆ. ಹತ್ತು ನಿಮಿಷಕ್ಕೆ ಅದೇ ‘ಹುಳ’. ಲೋಟದಲ್ಲಿ! ಎಷ್ಟು ಹೊತ್ತು ನೋಡ್ತಾ ನಿಂತಿದ್ದೆನೋ.

ಮಲ ಪರೀಕ್ಷೆ ಮೊದಲೆರಡು ಸಲ ‘ನಿಲ್’, ಅಂದರೆ ಏನೂ ಸಿಗಲಿಲ್ಲ. ಮೂರನೇ ಸಲ ಸಿಕ್ತು, ಜಿಯಾರ್ಡಿಯಾ. ಅದು ಬರಿಗಣ್ಣಿಗೆ ಕಾಣೋ ಹುಳವೇ ಅಲ್ಲ. ಒಂದೇ ಜೀವಕೋಶದ ಜೀವಿ, ಸಣ್ಣ ಕರುಳಿಗೆ ಅಂಟಿಕೊಂಡಿರುತ್ತೆ, ಮಲದಲ್ಲಿ ದಿನಾ ಬೀಳಲ್ಲ. ಅದಕ್ಕೇ ಬೇರೆ ಬೇರೆ ದಿನ ಮೂರು ಸ್ಯಾಂಪಲ್ ಕೇಳೋದು. ಡಾಕ್ಟರ್ ಬರೆದ ಟಿನಿಡಜೋಲ್ ಮಾತ್ರೆಗೆ ನೂರು ರೂಪಾಯಿನೂ ಆಗಲಿಲ್ಲ.

ಹೊಟ್ಟೆ ಕೆಟ್ಟರೆ ಮಲದ ಸ್ಯಾಂಪಲ್ ಡಬ್ಬಿ ಹಿಡಿದು ಲ್ಯಾಬ್‌ಗೆ ಹೋಗಿ. ಭೇದಿ ನೀರಾಗಿದ್ದರೆ ಅರ್ಧ ಗಂಟೆಯೊಳಗೆ ತಲುಪಿಸಿ, ತಡವಾದರೆ ಜೀವಿ ಸತ್ತು ಗುರುತು ಸಿಗಲ್ಲ. ಒಂದು ಸಲ ನಿಲ್ ಬಂತು ಅಂತ ಬಿಡಬೇಡಿ. ಕಡ್ಡಿ ಮಾತ್ರ ಹಿಡಿಯಬೇಡಿ ಮಾರಾಯ್ರೆ.

ಲೋಟದ ಫೋಟೊ ಕಳಿಸಿ ದುಡ್ಡು ವಾಪಸ್ ಕೇಳಿದೆ. ಉತ್ತರ ಬಂತು: ‘ನಿಮ್ಮ ಮನೆ ನೀರಲ್ಲೇ ಹುಳ ಇದೆ ಸರ್, ನಮ್ಮಲ್ಲಿ ಫಿಲ್ಟರೂ ಸಿಗುತ್ತೆ.’ ಲ್ಯಾಬ್ ರಿಪೋರ್ಟ್ ಕಳಿಸಿದೆ. ‘ಲ್ಯಾಬ್‌ನವರಿಗೆ ಎನರ್ಜಿ ಕಾಣಲ್ಲ ಸರ್, ನೀವು ಪಥ್ಯ ಮಾಡಿಲ್ಲ.’ ಆಮೇಲೆ ಬ್ಲಾಕ್.

ಈ ಭಾನುವಾರ ಪಕ್ಕದ ಬಡಾವಣೆಯಲ್ಲಿ ಅದೇ ಬ್ಯಾನರ್ ಕಟ್ಟಿದ್ದಾರೆ.