ಬ್ಯಾಟರಿಗೆ ಜಾಗವೆಲ್ಲಿ: ಮೂರು ಎಂಪಿ5ಕೆ ಆಟಿಕೆ ಬಂದೂಕುಗಳ ಹೋಲಿಕೆ

ಮೂಡಿಗೆರೆ ತಾಲ್ಲೂಕಿನ ನಮ್ಮ ತೋಟದಲ್ಲಿ ರೊಬಸ್ಟಾ ಒಣಗಿ ಕಣ ಖಾಲಿಯಾಗುವುದೂ ಮಕ್ಕಳಿಗೆ ಬೇಸಿಗೆ ರಜೆ ಬರುವುದೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಈ ಸಲ ಅರಸೀಕೆರೆಯಿಂದ ಅಕ್ಕನ ಮಕ್ಕಳಿಬ್ಬರು ಬಂದಾಗ, ಒಣ ಕಾಳನ್ನು ನೀರಿನಲ್ಲಿ ನೆನೆಸಿ ಉಬ್ಬಿಸಿದ ಜೆಲ್ ಗುಂಡು ಹಾರಿಸುವ ಮೂರು ಬ್ಯಾಟರಿ ಬಂದೂಕುಗಳನ್ನು ಆ ಕಣದಲ್ಲಿ ಎರಡು ವಾರ ಬಳಸಿ ನೋಡಿದೆವು. ಮೂರೂ ಒಂದೇ ಸಬ್‌ಮಷೀನ್ ಗನ್ನಿನ ಪ್ರತಿರೂಪಗಳು. ಅದು ಜರ್ಮನಿಯ ಹೆಕ್ಲರ್ ಅಂಡ್ ಕೋಖ್ ಕಂಪನಿಯ ಎಂಪಿ5ಕೆ.

ಎಂಪಿ5ರ ಕೆಲಸ 1964ರಲ್ಲಿ ಆರಂಭವಾಗಿ, 1966ರಲ್ಲಿ ಪಶ್ಚಿಮ ಜರ್ಮನಿಯ ಪೊಲೀಸರು ಮತ್ತು ಗಡಿ ಪಡೆಯವರು ಅದನ್ನು ಬಳಕೆಗೆ ತೆಗೆದುಕೊಂಡರು. 1980ರ ಮೇ 5ರಂದು ಲಂಡನ್ನಿನ ಇರಾನ್ ರಾಯಭಾರ ಕಚೇರಿಗೆ ನುಗ್ಗಿ ಒತ್ತೆಯಾಳುಗಳನ್ನು ಬಿಡಿಸಿದ ಬ್ರಿಟಿಷ್ ಎಸ್‌ಎಎಸ್ ಯೋಧರ ಕೈಯಲ್ಲಿ ಇದ್ದದ್ದೂ, ನಮ್ಮ ಎನ್‌ಎಸ್‌ಜಿ ಕಮಾಂಡೊಗಳು ಬಳಸುತ್ತ ಬಂದದ್ದೂ ಇದೇ ಬಂದೂಕು. 1976ರಲ್ಲಿ ಬಂದ ‘ಕೆ’ ಮಾದರಿ ಅದರ ಗಿಡ್ಡ ರೂಪ. ಹೆಗಲಿಗೆ ಆನಿಸುವ ಬಟ್ಟನ್ನು ತೆಗೆದು, ನಳಿಗೆಯನ್ನು ಮೊಟಕು ಮಾಡಿ, ಮುಂದೆ ಎಡಗೈಗೆ ಒಂದು ನೆಟ್ಟನೆಯ ಹಿಡಿ ಕೊಟ್ಟಿದ್ದರಿಂದ ಅದರ ಉದ್ದ ಸುಮಾರು 32.5 ಸೆಂ.ಮೀ.ಗೆ ಇಳಿಯಿತು.

ಆಟಿಕೆ ಮಾಡುವವರಿಗೆ ತೊಡಕಾಗಿರುವುದು ಈ ಗಿಡ್ಡತನವೇ. ಟೋಕಿಯೊ ಮಾರುಯಿ ಕಂಪನಿ 1991ರಲ್ಲಿ ಫಾಮಾಸ್ ಎಂಬ ಫ್ರೆಂಚ್ ರೈಫಲ್ ರೂಪದ ಎಲೆಕ್ಟ್ರಿಕ್ ಏರ್‌ಸಾಫ್ಟ್ ಬಂದೂಕನ್ನು ತಂದ ಮೇಲೆ ಈ ಬಗೆಯ ಆಟಿಕೆಗಳ ಒಳಗಿನ ಏರ್ಪಾಡು ಹೆಚ್ಚೇನೂ ಬದಲಾಗಿಲ್ಲ. ಮೋಟಾರು ಗೇರುಗಳ ಮೂಲಕ ಪಿಸ್ಟನ್ನನ್ನು ಹಿಂದಕ್ಕೆ ಎಳೆಯುತ್ತದೆ. ಕೊನೆಯ ಗೇರಿನ ಒಂದು ಭಾಗದಲ್ಲಿ ಹಲ್ಲುಗಳೇ ಇಲ್ಲದ ಕಾರಣ ಪಿಸ್ಟನ್ ಅಲ್ಲಿ ಕಳಚಿಕೊಂಡು, ಸ್ಪ್ರಿಂಗಿನ ಬಲಕ್ಕೆ ಮುಂದೆ ನುಗ್ಗಿ, ಗಾಳಿಯನ್ನು ಒತ್ತಿ ಗುಂಡನ್ನು ಹೊರದಬ್ಬುತ್ತದೆ. ಏರ್‌ಸಾಫ್ಟ್‌ನಲ್ಲಿ 6 ಮಿ.ಮೀ. ಪ್ಲಾಸ್ಟಿಕ್ ಗುಂಡು, ನಮ್ಮದರಲ್ಲಿ ನೀರು ಕುಡಿದು ಏಳು ಮಿ.ಮೀ. ದಾಟಿದ ಜೆಲ್ ಗುಂಡು. ಉದ್ದದ ಬಂದೂಕಾದರೆ ಬ್ಯಾಟರಿ ಬಟ್ಟಿನೊಳಗೆ ಅಡಗಿ ಕೂರುತ್ತದೆ. ಬಟ್ಟೇ ಇಲ್ಲದ ಎಂಪಿ5ಕೆಯಲ್ಲಿ ಅದನ್ನು ಎಲ್ಲಿ ಕೂರಿಸಿದ್ದಾರೆ ಎಂಬುದನ್ನು ನೋಡಿದರೆ ಆ ಬಂದೂಕಿನ ಉಳಿದ ಗುಣದೋಷಗಳು ತಾವಾಗಿಯೇ ತಿಳಿಯುತ್ತವೆ ಎಂಬುದು ನನ್ನ ಅನುಭವ.

ಮೊದಲನೆಯದನ್ನು ಕಳೆದ ದೀಪಾವಳಿಯ ಹೊತ್ತಿಗೆ, ಹಾಸನಾಂಬೆಯ ದರ್ಶನಕ್ಕೆ ಹೋದಾಗ ರಸ್ತೆಬದಿಯ ಅಂಗಡಿಯಲ್ಲಿ 900 ರೂಪಾಯಿ ಕೊಟ್ಟು ತಂದಿದ್ದೆ. 3.7 ವೋಲ್ಟಿನ ಬ್ಯಾಟರಿ ಹಿಂದಿನ ಹಿಡಿಯೊಳಗಿದೆ. ಗುಂಡುಗಳು ಮೇಲೆ ಬೋರಲು ಹಾಕಿದ ಬಾಟಲಿಯಿಂದ ತಮ್ಮ ಭಾರಕ್ಕೆ ತಾವೇ ಇಳಿಯಬೇಕು. ಬಂದೂಕನ್ನು ಸ್ವಲ್ಪ ಓರೆ ಮಾಡಿದರೆ ಇಳಿಯುವುದಿಲ್ಲ. ಆ ಬಾಟಲಿ ಗುರಿ ನೋಡುವ ಕಣ್ಣಿಗೂ ಅಡ್ಡ ಬರುತ್ತದೆ. ಇದರ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ.

ಎರಡನೆಯದು ಆನ್‌ಲೈನಿನಲ್ಲಿ ತರಿಸಿದ್ದು, ಬೆಲೆ 1,850 ರೂಪಾಯಿ. ನೋಟಕ್ಕೆ ಮೂರರಲ್ಲಿ ಇದೇ ಸುಂದರ. 7.4 ವೋಲ್ಟಿನ ಬ್ಯಾಟರಿಯನ್ನು ಮ್ಯಾಗಜಿನ್‌ನ ಕೆಳಭಾಗದಲ್ಲಿ ಇಟ್ಟಿರುವುದರಿಂದ ಮೈಕಟ್ಟಿಗೆ ಎಲ್ಲೂ ಊನವಾಗಿಲ್ಲ. ಆದರೆ ಗುಂಡುಗಳಿಗೂ ಅದೇ ಮ್ಯಾಗಜಿನ್ ಮನೆ. ಒಡೆದ ಗುಂಡುಗಳ ನೀರು ಗೋಡೆಯುದ್ದಕ್ಕೂ ಜಾರಿ, ಕರೆಂಟು ಸಾಗಿಸುವ ಎರಡು ತಾಮ್ರದ ಪಟ್ಟಿಗಳ ಮೇಲೆ ನಿಲ್ಲುತ್ತಿತ್ತು. ಒಂದು ವಾರ ಕಳೆಯುವುದರೊಳಗೆ ಪಟ್ಟಿಗಳ ಅಂಚಿನಲ್ಲಿ ಹಸಿರು ಕಿಲುಬು ಕಟ್ಟಿ, ಟ್ರಿಗರ್ ಒತ್ತಿದರೂ ಮೋಟಾರು ಮೌನವಾಗಿರತೊಡಗಿತು. ಮರಳುಕಾಗದದಿಂದ ಉಜ್ಜಿದರೆ ಒಂದು ದಿನ ಸರಿಯಾಗಿ, ಮಾರನೆಯ ದಿನ ಮತ್ತೆ ಅದೇ ಪಾಡು. ಲಿಥಿಯಂ ಬ್ಯಾಟರಿಯನ್ನು ನೀರು ಸೋರುವ ಜಾಗದ ಕೆಳಗೇ ಇಡುವ ವಿನ್ಯಾಸವನ್ನು ನಾನು ಒಪ್ಪಲಾರೆ.

ಮೂರನೆಯದಕ್ಕೆ 2,600 ರೂಪಾಯಿ ಬಿತ್ತು. ಇದರ 7.4 ವೋಲ್ಟಿನ ಬ್ಯಾಟರಿ ಮುಂದಿನ ಹಿಡಿಯೊಳಗಿದೆ. ತಳದ ಮುಚ್ಚಳ ತಿರುಗಿಸಿದರೆ ಬೆರಳು ಗಾತ್ರದ ಎರಡು ಸೆಲ್ಲುಗಳು ಜೋಡಿಯಾಗಿ ಹೊರಬರುತ್ತವೆ. ಮೂತಿಯ ಕಡೆಗೆ ಭಾರ ಹೆಚ್ಚು ಎಂದು ಮೊದಲ ದಿನ ಅನ್ನಿಸಿತ್ತು. ಆದರೆ ಎಡಗೈ ಹೇಗೂ ಅಲ್ಲೇ ಇರುವುದರಿಂದ ಆ ಭಾರವೇ ಬಂದೂಕನ್ನು ಅಲುಗದಂತೆ ಹಿಡಿದಿಡುತ್ತದೆ. ಸೆಲ್ಲು ಚಿಕ್ಕದಾದ್ದರಿಂದ ನಲವತ್ತು ನಿಮಿಷಕ್ಕೆ ಚಾರ್ಜು ಮುಗಿಯುತ್ತದೆ. ಹೆಚ್ಚಿನ ಒಂದು ಜೊತೆ ಇಟ್ಟುಕೊಳ್ಳುವುದು ಅನಿವಾರ್ಯ. ಸುಣ್ಣದಲ್ಲಿ ಅಂಗೈಯಗಲ ವೃತ್ತ ಬರೆದ ಅಡಿಕೆ ಹಾಳೆಯನ್ನು 10 ಮೀಟರ್ ದೂರದಲ್ಲಿ ನಿಲ್ಲಿಸಿ ಹತ್ತತ್ತು ಗುಂಡು ಹಾರಿಸಿದಾಗ, ವೃತ್ತದೊಳಗೆ ಒದ್ದೆ ಗುರುತು ಬಿದ್ದದ್ದು ಮೊದಲನೆಯದರಲ್ಲಿ 3, ಎರಡನೆಯದರಲ್ಲಿ 6, ಮೂರನೆಯದರಲ್ಲಿ 8. ಇಪ್ಪತ್ತು ಮೀಟರಿಗೆ ಹೋದರೆ ಮೂರಕ್ಕೂ ಗುರಿ ಎಂಬುದು ಉಳಿಯುವುದಿಲ್ಲ.

ಈ ಲೆಕ್ಕ ಸರಿಯಾಗಿ ಸಿಗುವ ಮುನ್ನ ನಾವು ನೀರಿನಿಂದ ಮೋಸಹೋಗಿದ್ದೆವು. ಮಕ್ಕಳು ಅರಸೀಕೆರೆಯ ಮನೆಯಲ್ಲೇ ಬೋರ್‌ವೆಲ್ ನೀರಿನಲ್ಲಿ ನೆನೆಸಿದ ಗುಂಡುಗಳನ್ನು ಡಬ್ಬಿ ತುಂಬ ತಂದಿದ್ದರು. ಅವು ನಳಿಗೆಯಲ್ಲಿ ಬಿಗಿಯಾಗಿ ಕೂರದೆ, ಮೂತಿ ಬಗ್ಗಿಸಿದರೆ ಉರುಳಿ ಬೀಳುತ್ತಿದ್ದವು. ಮೂರೂ ಬಂದೂಕುಗಳು ಕೆಟ್ಟವೆಂದೇ ಭಾವಿಸಿದೆವು. ತೋಟದ ಕೆರೆಯ ನೀರಿನಲ್ಲಿ ಹೊಸ ಕಾಳುಗಳನ್ನು ನಾಲ್ಕು ಗಂಟೆ ನೆನೆಸಿ ಭಾವನ ವರ್ನಿಯರ್‌ನಲ್ಲಿ ಅಳೆದಾಗ 7.3 ಮಿ.ಮೀ. ಬಂತು, ಡಬ್ಬಿಯವು 6.4 ಮಾತ್ರ. ಕಾಳುಗಳು ಸೋಡಿಯಂ ಪಾಲಿಅಕ್ರಿಲೇಟ್ ಎಂಬ ವಸ್ತುವಿನವು. ಗಡಸು ನೀರಿನ ಕ್ಯಾಲ್ಸಿಯಂ ಅದರ ಎಳೆಗಳನ್ನು ಒಂದಕ್ಕೊಂದು ಕಟ್ಟಿಹಾಕುವುದರಿಂದ ಅದು ಪೂರ್ತಿ ಉಬ್ಬಲಾರದು. ಬಯಲುಸೀಮೆಯವರು ಮಳೆನೀರಿನಲ್ಲೋ ಫಿಲ್ಟರ್ ನೀರಿನಲ್ಲೋ ನೆನೆಸಿ ನೋಡದೆ ಬಂದೂಕನ್ನು ಹಿಂದಿರುಗಿಸಬಾರದು.

ಕಣ್ಣಿನ ವಿಷಯದಲ್ಲಿ ಮಾತ್ರ ಯಾವ ರಿಯಾಯಿತಿಯೂ ಸಲ್ಲದು. ಕಳೆ ಕತ್ತರಿಸುವ ಯಂತ್ರದ ಜೊತೆ ಬರುವ ಜಾಲರಿ ಮುಖವಾಡ ಸಾಕೆಂದು ಮೊದಲು ತಿಳಿದಿದ್ದೆವು. ಗುಂಡು ಜಾಲರಿಗೆ ಬಡಿದು ಚೂರಾಗಿ ಒಳಕ್ಕೇ ಸಿಡಿಯುವುದನ್ನು ಖಾಲಿ ಮುಖವಾಡದ ಮೇಲೆ ಪರೀಕ್ಷಿಸಿ ಕಂಡ ಮೇಲೆ, ಸುತ್ತಲೂ ಮುಚ್ಚುವ ಪಾಲಿಕಾರ್ಬೊನೇಟ್ ಕನ್ನಡಕ ತರಿಸಿ, ಅದಿಲ್ಲದೆ ಯಾರೂ ಕಣಕ್ಕೆ ಇಳಿಯದಂತೆ ಮಾಡಿದೆ. ಮಂಗಗಳ ಮೇಲೆ ಹಾರಿಸುವುದನ್ನೂ ತಡೆದೆ. ಚುನಾವಣೆ ಬಂದರೆ ತೋಟದ ಮನೆಗಳ ಲೈಸೆನ್ಸ್ ಕೋವಿಗಳನ್ನು ಠಾಣೆಗೆ ಒಪ್ಪಿಸಿ ಬರುವ ಊರು ನಮ್ಮದು. ಇಲ್ಲಿ ಕಪ್ಪು ಬಂದೂಕೊಂದು ರಸ್ತೆಯಲ್ಲಿ ಕಂಡರೆ ಆಟಿಕೆಯೆಂದು ಯಾರೂ ತಿಳಿಯುವುದಿಲ್ಲ. ಎರಡನೆಯದರ ಮೂತಿ ಪೂರ್ತಿ ಕಪ್ಪಗಿದ್ದುದರಿಂದ ಕಿತ್ತಳೆ ಬಣ್ಣದ ಟೇಪು ಸುತ್ತಿದ್ದೇನೆ, ಗೇಟಿನಾಚೆಗೆ ಮೂರನ್ನೂ ಚೀಲದಲ್ಲೇ ಒಯ್ಯುತ್ತೇವೆ.

ಮಕ್ಕಳು ಊರಿಗೆ ಹೊರಡುವಾಗ ಮೂರನೆಯದನ್ನೇ ಕೇಳಿ ತೆಗೆದುಕೊಂಡು ಹೋದರು. ಅದರ ಜೊತೆಗೆ ಐದು ಲೀಟರಿನ ಎರಡು ಕ್ಯಾನುಗಳಲ್ಲಿ ನಮ್ಮ ಕೆರೆಯ ನೀರೂ ಹೋಯಿತು.