ಮ್ಯೂನಿಕ್‌ನಿಂದ ಒಂದು ದಿನದ ಟ್ರಿಪ್: ಅರಮನೆನಾ, ಸಾಲ್ಜ್‌ಬರ್ಗಾ, ಕೆರೆನಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕೀಮ್‌ಸೆ ಕೆರೆಗೆ. ವಯಸ್ಸಾದ ಅಪ್ಪ ಅಮ್ಮನನ್ನು ಮ್ಯೂನಿಕ್‌ಗೆ ಕರೆಸಿಕೊಂಡಿದ್ದರೆ, ಒಂದೇ ಒಂದು ದಿನ ಹೊರಗೆ ಸುತ್ತಿಸಲು ಆಗುವುದಾದರೆ, ಕಣ್ಣು ಮುಚ್ಚಿಕೊಂಡು ಅಲ್ಲಿಗೇ ಹೋಗಿ. ಇದು ನನಗೆ ಗೊತ್ತಾಗಿದ್ದು ನೊಯ್‌ಶ್ವಾನ್‌ಸ್ಟೈನ್ ಅರಮನೆಯ ಮೂರು ಟಿಕೆಟ್ ನೀರಿಗೆ ಹಾಕಿದ ಮೇಲೆ.

ಅಪ್ಪ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ರಿಟೈರ್ ಆದವರು. ಅಮ್ಮನಿಗೆ ಮಂಡಿನೋವು. ಇಬ್ಬರೂ ಮೇ ತಿಂಗಳಲ್ಲಿ ಬಂದಿದ್ದರು. ನನ್ನ ಹತ್ತಿರ ಕಾರಿಲ್ಲ. ಹಾಗಾಗಿ ಮೂರು ಟ್ರಿಪ್ಪೂ ಬಯರ್ನ್ ಟಿಕೆಟ್‌ನಲ್ಲೇ ಮಾಡಿದೆವು. ಬಯರ್ನ್ ಅಂದರೆ ಬವೇರಿಯಾ, ಮ್ಯೂನಿಕ್ ಇರುವ ರಾಜ್ಯ. ಒಂದೇ ಟಿಕೆಟ್, ಐದು ಜನರವರೆಗೆ ಹೋಗಬಹುದು, ಪ್ರತಿ ಜನಕ್ಕೆ ರೇಟು ಸ್ವಲ್ಪ ಸ್ವಲ್ಪ ಏರುತ್ತದೆ. ಮರುದಿನ ಬೆಳಗಿನ ಜಾವ 3 ಗಂಟೆವರೆಗೆ ಬವೇರಿಯಾದ ಯಾವ ಊರಿನ ಪ್ಯಾಸೆಂಜರ್ ರೈಲನ್ನಾದರೂ ಹತ್ತಬಹುದು, ಮ್ಯೂನಿಕ್‌ನ ಮೆಟ್ರೋ, ಟ್ರಾಮು, ಬಸ್ಸು ಎಲ್ಲಾ ಸೇರಿ. ಐಸಿಇ, ಐಸಿ, ಇಸಿ ತರಹದ ವೇಗದ ರೈಲು ಮಾತ್ರ ಹತ್ತುವಂತಿಲ್ಲ. ಟಿಕೆಟ್ ಮೇಲೆ ಹೆಸರು ಬರೆಯಬೇಕು ಅಂದಾಗ ಅಪ್ಪ ಪೆನ್ನು ಕಿತ್ತುಕೊಂಡು ತಾವೇ ಬರೆದರು. "ಐದು ಜನಕ್ಕೆ ಒಂದೇ ಚೀಟಿ ಕೊಟ್ಟರೆ ಚೆಕಿಂಗ್‌ನೋನು ತಲೆ ಎಣಿಸೋದು ಹೆಂಗೆ?" ಅನ್ನುವುದು ಅವರ ತಿಂಗಳಿಡೀ ಬಗೆಹರಿಯದ ಚಿಂತೆ.

ಈ ಟಿಕೆಟ್ಟಿಗೆ ಒಂದು ಕೊಕ್ಕೆ ಇದೆ. ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ 9ರ ನಂತರವೇ ನಡೆಯುವುದು. ಶನಿವಾರ, ಭಾನುವಾರ, ರಜಾದಿನ ಆ ಕಟ್ಟು ಇಲ್ಲ. ನಾನು ಎಡವಿದ್ದು ಇಲ್ಲೇ.

ನೊಯ್‌ಶ್ವಾನ್‌ಸ್ಟೈನ್ ಅಂದರೆ ಕ್ಯಾಲೆಂಡರ್‌ಗಳಲ್ಲಿ ನೋಡುವ ಆ ಬಿಳಿ ಗೋಪುರಗಳ ಅರಮನೆ. ಬವೇರಿಯಾದ ಎರಡನೇ ಲುಡ್ವಿಗ್ ದೊರೆ 1869ರಲ್ಲಿ ಕಟ್ಟಿಸಲು ಶುರು ಮಾಡಿದ. 1886ರಲ್ಲಿ ಅವನು ಸತ್ತಾಗ ಒಳಗೆ ಕೆಲಸ ಇನ್ನೂ ಬೇಕಾದಷ್ಟು ಬಾಕಿ ಇತ್ತು. ಸತ್ತು ಎರಡು ತಿಂಗಳೂ ಆಗಿರಲಿಲ್ಲ, ಆಗಲೇ ದುಡ್ಡು ತಗೊಂಡು ಜನರಿಗೆ ತೋರಿಸಲು ಶುರು ಮಾಡಿದರು. ಒಳಗೆ ಹೋಗಬೇಕಾದರೆ ಗೈಡ್ ಜೊತೆಗೇ ಹೋಗಬೇಕು. ಸುಮಾರು ಅರ್ಧ ಗಂಟೆ, ಫೋಟೋ ತೆಗೆಯುವಂತಿಲ್ಲ. ಟಿಕೆಟ್ ಮೇಲೆ ಟೂರ್ ನಂಬರು, ಟೈಮು ಎರಡೂ ಇರುತ್ತದೆ. ಆ ಟೈಮು ತಪ್ಪಿದರೆ ಟಿಕೆಟ್ ಸತ್ತ ಹಾಗೆ.

ವೀಕೆಂಡ್ ಟಿಕೆಟ್ ಖಾಲಿಯಾಗಿತ್ತು. ಬುಧವಾರ ರಜೆ ಹಾಕಿ 12:55ರದ್ದು ತೆಗೆದೆ. 9ರ ಮುಂಚೆ ಹೊರಡುವಂತಿಲ್ಲ, ಫ್ಯೂಸನ್‌ವರೆಗೆ ರೈಲಿಗೇ ಎರಡು ಗಂಟೆ, ಆಮೇಲೆ ಹೋಹೆನ್‌ಶ್ವಾಂಗೌ ಊರಿಗೆ ಬಸ್ಸು. ಲೆಕ್ಕ ಹಾಕಿದರೆ ಒಂದು ಗಂಟೆ ಕೈಯಲ್ಲಿ ಉಳಿಯುತ್ತಿತ್ತು. ಆದರೆ ರೈಲು ಹಳಿ ಮೇಲೆ ಸುಮ್ನೆ ನಿಂತು ಇಪ್ಪತ್ತೈದು ನಿಮಿಷ ನುಂಗಿತು. ಬಸ್ಸಿಗೆ ಕ್ಯೂ. ಅರಮನೆಯ ಕೆಳಗಿನ ಊರಿಗೆ ಬಂದು ನಿಂತಾಗ 12:35.

ಈಗ ಬೆಟ್ಟ. ಇದನ್ನು ಯಾರೂ ಸರಿಯಾಗಿ ಹೇಳುವುದಿಲ್ಲ, ಅದಕ್ಕೇ ನಾನು ಬಿಡಿಸಿ ಹೇಳುತ್ತಿದ್ದೇನೆ. ಮೇಲೆ ಹೋಗಲು ಮೂರು ದಾರಿ. ನಡೆದರೆ ಮೂವತ್ತರಿಂದ ನಲವತ್ತು ನಿಮಿಷ, ಪೂರ್ತಿ ಏರು. ಬಸ್ಸು ಅರಮನೆಗಿಂತ ಮೇಲೆ, ಸೇತುವೆ ಹತ್ತಿರ ಬಿಡುತ್ತದೆ, ಅಲ್ಲಿಂದ ಕಾಲು ಗಂಟೆ ಇಳಿಯಬೇಕು. ಕುದುರೆಗಾಡಿ ಅರಮನೆಗಿಂತ ಕೆಳಗೆ ಬಿಡುತ್ತದೆ, ಅಲ್ಲಿಂದ ಹತ್ತು ನಿಮಿಷ ಹತ್ತಬೇಕು. ಅಂದರೆ ಯಾವುದೂ ಬಾಗಿಲವರೆಗೆ ಹೋಗುವುದಿಲ್ಲ! ಬಸ್ಸಿನ ಕ್ಯೂ ನೋಡಿ ಕುದುರೆಗಾಡಿ ಹತ್ತಿದೆವು. ಗಾಡಿ ತುಂಬುವವರೆಗೂ ಹೊರಡಲಿಲ್ಲ. ಇಳಿದ ಮೇಲೆ ಅಮ್ಮ ಹತ್ತು ಹೆಜ್ಜೆಗೊಮ್ಮೆ ಕಂಬಿ ಹಿಡಿದು ನಿಂತರು. ನಾನು "ಬೇಗ ಅಮ್ಮ, ಬೇಗ" ಅನ್ನುತ್ತಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಗೇಟಿನ ಮುಂದೆ ನಿಂತಾಗ 1:10. ಬೋರ್ಡಿನಲ್ಲಿ ನಮ್ಮ ನಂಬರು ದಾಟಿ ಮೂರು ಟೂರು ಒಳಗೆ ಹೋಗಿದ್ದವು. ಟಿಕೆಟ್ ತೋರಿಸಿದೆ, ಗೇಟು ಅಲ್ಲಾಡಲಿಲ್ಲ. ಒಬ್ಬೊಬ್ಬರಿಗೆ ಇಪ್ಪತ್ತು ಯೂರೋ ಆಸುಪಾಸು, ಮೂರು ಜನರದ್ದು. ತಪ್ಪು ನಂದೇ, ಯಾರನ್ನು ಬೈಯಲಿ? ಅಪ್ಪ ಮಾತ್ರ "ಟೈಮ್ ಅಂದರೆ ಟೈಮು, ಬಸ್ಸು ಬಿಟ್ಟ ಮೇಲೆ ಓಡಿ ಬಂದರೆ ನಾನೂ ಬೆಲ್ ಹೊಡೀತಿರಲಿಲ್ಲ" ಅಂದು ಆ ಕಡೆಯವರ ಪರ ವಹಿಸಿದರು. ಆಮೇಲೆ ಅಪ್ಪ ಒಬ್ಬರೇ ಮರಿಯನ್‌ಬ್ರ್ಯೂಕ ಸೇತುವೆಗೆ ಹೋಗಿ ಬಂದರು. ಕಮರಿಯ ಮೇಲೆ 90 ಮೀಟರ್ ಎತ್ತರದಲ್ಲಿ ಹಲಗೆ ಹಾಸಿದ ಸೇತುವೆ ಅದು. ಅರಮನೆಯ ಒಳ್ಳೆಯ ಫೋಟೋ ಸಿಗುವುದೇ ಅಲ್ಲಿಂದ. ಅಮ್ಮ ಕಲ್ಲುಕಟ್ಟೆ ಮೇಲೆ ಕೂತು ಪುಳಿಯೋಗರೆ ಡಬ್ಬಿ ಬಿಚ್ಚಿದರು.

ಸಾಲ್ಜ್‌ಬರ್ಗ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಆಸ್ಟ್ರಿಯಾ ಆದರೂ ಬಯರ್ನ್ ಟಿಕೆಟ್ ಅಲ್ಲಿಯವರೆಗೆ ನಡೆಯುತ್ತದೆ, ರೈಲಿಗೆ ಎರಡು ಗಂಟೆ. 1077ರಲ್ಲಿ ಕಟ್ಟಲು ಶುರು ಮಾಡಿದ ಕೋಟೆಗೆ 1892ರಿಂದಲೂ ಹಳಿ ಮೇಲೆ ಎಳೆಯುವ ಗಾಡಿ ಇದೆ, ಮಂಡಿನೋವಿನವರಿಗೆ ವರ. ಮೊಜಾರ್ಟ್ ಹುಟ್ಟಿದ ಹಳದಿ ಮನೆಯ ಮುಂದೆ ಎಲ್ಲರಂತೆ ನಾವೂ ಫೋಟೋ ತೆಗೆಸಿಕೊಂಡೆವು. ಮಳೆ ಬರುವ ದಿನಕ್ಕೆ ಇದೇ ಸರಿ, ಓಡಿ ಹೋಗಿ ನಿಲ್ಲಲು ಅಂಗಡಿ, ಚರ್ಚು ಇರುತ್ತದೆ. ಪಾಸ್‌ಪೋರ್ಟ್ ಮರೆಯಬೇಡಿ, ವಾಪಸ್ ಬರುವಾಗ ಗಡಿಯಲ್ಲಿ ಪೊಲೀಸರು ರೈಲಿಗೆ ಹತ್ತಿ ನೋಡಿದರು.

ಕೀಮ್‌ಸೆ ಇರುವುದು ಅದೇ ಸಾಲ್ಜ್‌ಬರ್ಗ್ ಲೈನಿನಲ್ಲಿ, ಅರ್ಧ ದಾರಿಗೇ. ಪ್ರೀನ್ ಸ್ಟೇಷನ್‌ಗೆ ಒಂದೇ ಗಂಟೆ. 9ರ ಮೇಲೆ ಹೊರಟರೂ ಹತ್ತೂವರೆಗೆಲ್ಲ ಇಳಿಯಬಹುದು. ಅಲ್ಲಿಂದ ದೋಣಿಕಟ್ಟೆಗೆ ಎರಡು ಕಿಲೋಮೀಟರ್ ಕೂಡ ಇಲ್ಲ, ಬೇಸಿಗೆಯಲ್ಲಿ 1887ರ ಉಗಿಬಂಡಿ ಓಡುತ್ತದೆ. ಹಸಿರು ಬಣ್ಣದ ಪುಟ್ಟ ಡಬ್ಬಿಗಳು. ಅಪ್ಪನ ಮುಖ ನೋಡಬೇಕಿತ್ತು. ಟ್ರಿಪ್ಪಿನ ದುಡ್ಡು ಅಲ್ಲಿಗೇ ವಸೂಲಾಯಿತು.

ದೋಣಿಗೆ ಬೇರೆ ಟಿಕೆಟ್. ಕಾಲು ಗಂಟೆಯಲ್ಲಿ ಹೆರೆನ್‌ಇನ್ಸೆಲ್ ದ್ವೀಪ. ಇಲ್ಲೂ ಅದೇ ಲುಡ್ವಿಗ್‌ನ ಅರಮನೆ, ಹೆರೆನ್‌ಕೀಮ್‌ಸೆ. ಫ್ರಾನ್ಸಿನ ವರ್ಸೇಲ್ಸ್ ಅರಮನೆ ನೋಡಿ ಅದರ ಹಾಗೇ 1878ರಲ್ಲಿ ಶುರು ಮಾಡಿಸಿದ್ದು. ಕನ್ನಡಿ ಹಜಾರ ಕಣ್ಣು ಕೋರೈಸುತ್ತದೆ, ಅದರ ಬೆನ್ನಿಗೇ ಗಾರೆ ಕೂಡ ಕಾಣದ ಬರೀ ಇಟ್ಟಿಗೆಯ ಮೆಟ್ಟಿಲ ಹಾಲ್! ದುಡ್ಡು ಮುಗಿದು ಕೆಲಸ ನಿಂತುಹೋಗಿತ್ತು. ಇಷ್ಟೆಲ್ಲ ಮಾಡಿಸಿ ದೊರೆ ಅಲ್ಲಿ ಉಳಿದದ್ದು ಹತ್ತು ದಿನ. ಆಳುಗಳ ಮುಖ ನೋಡಬಾರದು ಅಂತ, ಊಟದ ಮೇಜು ಕೆಳಗಿನ ಮಹಡಿಗೆ ಇಳಿದು ಬಡಿಸಿಕೊಂಡು ಮೇಲೆ ಬರುವ ಹಾಗೆ ಮಾಡಿಸಿದ್ದನಂತೆ. "ಬಡಿಸೋರ ಮುಖ ನೋಡದೆ ಉಂಡರೆ ಹೊಟ್ಟೆ ತುಂಬುತ್ತಾ?" ಅಂದರು ಅಮ್ಮ. ಇಲ್ಲೂ ಟೂರಿಗೆ ಟೈಮು ಇದೆ, ಆದರೆ ನಾವು ಟಿಕೆಟ್ ತೆಗೆದದ್ದು ದ್ವೀಪಕ್ಕೆ ಇಳಿದ ಮೇಲೆ, ಅಮ್ಮನ ನಡಿಗೆ ನೋಡಿಕೊಂಡು. ದಾರಿ ಇಪ್ಪತ್ತು ನಿಮಿಷ, ಮರದ ನೆರಳು.

ಅದೇ ದ್ವೀಪದ ಹಳೇ ಮಠದಲ್ಲಿ 1948ರ ಆಗಸ್ಟ್‌ನಲ್ಲಿ ಪಶ್ಚಿಮ ಜರ್ಮನಿಯ ಸಂವಿಧಾನಕ್ಕೆ ಕರಡು ಸಿದ್ಧ ಮಾಡಿದ್ದರು. "ನಮ್ಮ ಕರಡು ಬಂದಿದ್ದೂ ಅದೇ ವರ್ಷ ಅಲ್ವಾ" ಅಂದು ಅಪ್ಪ ಅಲ್ಲೇ ಒಂದರ್ಧ ಗಂಟೆ ನಿಂತರು. ಮಧ್ಯಾಹ್ನ ಇನ್ನೊಂದು ದ್ವೀಪ, ಫ್ರೌಎನ್‌ಇನ್ಸೆಲ್. 782ರ ಕನ್ಯಾಮಠ, ಕಾರೇ ಇಲ್ಲದ ಪುಟ್ಟ ಊರು. ಹೊಗೆಯಲ್ಲಿ ಹದ ಮಾಡಿದ ಮೀನಿಗೆ ಹೆಸರುವಾಸಿ, ಆದರೆ ನಾವು ತಿನ್ನುವುದಿಲ್ಲ. ಚೀಸ್ ಹಾಕಿದ ಷ್ಪೆಟ್ಸ್‌ಲ, ಅಂದರೆ ಇಲ್ಲಿನ ಒಂಥರಾ ನೂಡಲ್ಸ್, ತಿಂದೆವು. ಅಮ್ಮನಿಗೆ ಅದು ಗಂಟಲಲ್ಲಿ ಇಳಿಯಲಿಲ್ಲ, ಮತ್ತೆ ಡಬ್ಬಿಯೇ ಗತಿ.

ನಿಮಗೆ ಬೆಳಿಗ್ಗೆ ಬೇಗ ಏಳುವ ಅಭ್ಯಾಸ ಇದ್ದು, ಕಾಲು ಗಟ್ಟಿಯಿದ್ದರೆ ನೊಯ್‌ಶ್ವಾನ್‌ಸ್ಟೈನ್‌ಗೆ ಹೋಗಿ, ಬೇಡ ಅನ್ನುವುದಿಲ್ಲ. ನನ್ನದು ಎಂಟೂವರೆಗೆ ಕಾಫಿ ಕುಡಿದು ಒಂಬತ್ತೂವರೆಗೆ ಮನೆ ಬಿಡುವ ಜಾತಿ.

ಬರುವ ತಿಂಗಳು ಅತ್ತೆ ಮಾವ ಬರುತ್ತಿದ್ದಾರೆ. ಮಾವನವರಿಗೆ ಆ ಕ್ಯಾಲೆಂಡರ್ ಅರಮನೆ ಬೇಕೇ ಬೇಕಂತೆ. ಶನಿವಾರ, ಮಧ್ಯಾಹ್ನ 2 ಗಂಟೆಯದು ಬುಕ್ ಮಾಡಿದ್ದೇನೆ. 7ರ ಮುಂಚೆ ಹೊರಡುವುದು.