ರಿಕೋ ಜಿಆರ್ 3: ನಾಲ್ಕು ವರ್ಷ ಜೇಬಿನಲ್ಲಿಟ್ಟುಕೊಂಡು ಸುತ್ತಿದ ಮೇಲೆ

ಬೆಳಗಿನ ಜಾವ ಕೆ.ಆರ್. ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ದೊಡ್ಡ ಕ್ಯಾಮೆರಾ ಎತ್ತಿದರೆ ಸಾಕು, ಹೂ ಅಳೆಯುತ್ತಿದ್ದ ಕೈ ನಿಂತುಬಿಡುತ್ತದೆ, ಮುಖ ಬಿಗಿಯುತ್ತದೆ. ನನಗೆ ಬೇಕಿದ್ದದ್ದು ಆ ನಿಲ್ಲದ ಕೈ. ಅದಕ್ಕಾಗಿಯೇ ಜೇಬಿಗೆ ಹಿಡಿಸುವ ಈ ಪುಟ್ಟ ರಿಕೋ ಕ್ಯಾಮೆರಾ ಕೊಂಡೆ. ಬ್ಯಾಟರಿ, ಕಾರ್ಡ್ ಸೇರಿ 257 ಗ್ರಾಂ ತೂಕ. ಒಳಗಿರುವುದು ಮಾತ್ರ ದೊಡ್ಡ ಕ್ಯಾಮೆರಾಗಳ ಎಪಿಎಸ್-ಸಿ ಅಳತೆಯ ಸೆನ್ಸರ್, ಅಂದರೆ ಬೆಳಕನ್ನು ಚಿತ್ರವಾಗಿಸುವ ಫಲಕ.

ಇದರ ಜೀವಾಳ ಸ್ನ್ಯಾಪ್ ಫೋಕಸ್. ದೂರವನ್ನು ಮೊದಲೇ 2 ಮೀಟರ್‌ಗೆ, ಅಪರ್ಚರನ್ನು, ಅಂದರೆ ಬೆಳಕು ಒಳಬರುವ ಕಿಂಡಿಯನ್ನು, ಎಫ್8ಕ್ಕೆ ಕಿರಿದಾಗಿಸಿ ಇಟ್ಟುಕೊಂಡರೆ ಸುಮಾರು 1 ಮೀಟರ್‌ನಿಂದ ಬೀದಿಯ ಆ ತುದಿಯವರೆಗೂ ಚಿತ್ರ ಸ್ಪಷ್ಟ. ಗುಂಡಿಯನ್ನು ಒಮ್ಮೆಲೇ ಒತ್ತಿದರಾಯಿತು, ಕ್ಯಾಮೆರಾ ಫೋಕಸ್ ಹುಡುಕುತ್ತ ಕೂರುವುದಿಲ್ಲ. ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ಸೇರಿನಿಂದ ಚೀಲಕ್ಕೆ ಕಾಯಿ ಸುರಿಯುವ ಗಳಿಗೆ ನನಗೆ ಸಿಕ್ಕಿದ್ದು ಹೀಗೆ.

ಕತ್ತಲಲ್ಲಿ ಲೆಕ್ಕ ಬೇರೆ. ಆ ಕಿಂಡಿಯನ್ನು ಎಫ್2.8ಕ್ಕೆ ಅಗಲವಾಗಿ ತೆರೆದು, ಶಟರ್ ವೇಗವನ್ನು ಸೆಕೆಂಡಿನ ಮೂವತ್ತನೇ ಒಂದು ಭಾಗಕ್ಕೆ ಇಳಿಸಬೇಕು. ಒಳಗಿನ ಸ್ಥಿರೀಕರಣ ನನ್ನ ಕೈನಡುಕವನ್ನು ತಡೆಯುತ್ತದೆ, ಹೂವಾಡಗಿತ್ತಿಯ ಕೈಯ ಓಟವನ್ನು ತಡೆಯುವುದಿಲ್ಲ. ಮೊದಮೊದಲು ಆ ಚಿತ್ರಗಳನ್ನೆಲ್ಲ ಅಳಿಸುತ್ತಿದ್ದೆ. ಒಂದು ದಿನ, ಮೊಣಕೈಯಿಂದ ಬೆರಳ ತುದಿಗೆ ಕನಕಾಂಬರವನ್ನು ಮೊಳ ಹಾಕುತ್ತಿದ್ದ ಅಜ್ಜಿಯ ಚಿತ್ರ ಸಿಕ್ಕಿತು: ಮುಖ, ಬುಟ್ಟಿ, ಬಲ್ಬು ಅಚ್ಚುಕಟ್ಟು, ಕೈ ಇದ್ದಲ್ಲಿ ಕಿತ್ತಳೆ ಬಣ್ಣದ ಒಂದು ಎಳೆ ಮಾತ್ರ. ಅಂದಿನಿಂದ ಆ ಮಸುಕನ್ನೇ ಹುಡುಕಿಕೊಂಡು ಹೋಗುತ್ತೇನೆ.

ಜೂಮ್ ಇಲ್ಲ, 28 ಎಂಎಂನ ಅಗಲ ನೋಟವೊಂದೇ. ಹಂಪಿಯ ರಥಬೀದಿಯಲ್ಲಿ ನಿಂತರೆ ವಿರೂಪಾಕ್ಷನ ಗೋಪುರ ಪೂರ್ತಿ ಹಿಡಿಸುತ್ತದೆ. ತುಂಗಭದ್ರೆಯ ಆಚೆ ದಡದ ತೆಪ್ಪ ಬರಿಯ ಚುಕ್ಕೆ. ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಇಲ್ಲ, ಮಳೆಗೆ ರಕ್ಷಣೆಯೂ ಇಲ್ಲ. ಒಂದು ಚಾರ್ಜ್‌ಗೆ ಸುಮಾರು 200 ಚಿತ್ರ ಎಂದು ಕಂಪನಿಯೇ ಹೇಳುತ್ತದೆ. ಕರಗದ ರಾತ್ರಿ ಮೂರು ಬ್ಯಾಟರಿ ಒಯ್ಯುತ್ತೇನೆ.

ಮುದ್ರಣದ ಮಾತೂ ಹೇಳಬೇಕು, ಏಕೆಂದರೆ ಚಿತ್ರ ಕಾಗದಕ್ಕೆ ಇಳಿಯದೆ ನನಗೆ ಸಮಾಧಾನವಿಲ್ಲ. ಅಜ್ಜಿಯ ಚಿತ್ರವನ್ನು ನಗರದ ಒಂದು ಲ್ಯಾಬ್‌ನಲ್ಲಿ ಎ3 ಅಳತೆಗೆ ಮುದ್ರಿಸಿದೆ. ತೀರಾ ಕಪ್ಪಾಗಿ ಬಂತು. ಪರದೆಯ ಬೆಳಕನ್ನು ಪೂರ್ತಿ ಏರಿಸಿಕೊಂಡು ಚಿತ್ರ ತಿದ್ದಿದ್ದು ನನ್ನದೇ ತಪ್ಪು. ಆದರೂ ಅದನ್ನೇ ಒಯ್ದು ಕೊಟ್ಟೆ. ಅಜ್ಜಿ ಬಲ್ಬಿನ ಹತ್ತಿರ ಹಿಡಿದು ನೋಡಿ, "ಹೂವು ಚೆನ್ನಾಗಿದೆಯಪ್ಪಾ, ನಾನೆಲ್ಲಿ?" ಎಂದರು. ಪರದೆಯ ಬೆಳಕು ತಗ್ಗಿಸಿ, ಮತ್ತೆ ತಿದ್ದಿ, ಮ್ಯಾಟ್ ಕಾಗದದಲ್ಲಿ ತೆಗೆಸಿದೆ. ಈ ಸಲ ಹಣೆಯ ಕುಂಕುಮವೂ ಕಂಡಿತು.

ಇನ್ನೊಮ್ಮೆ ಕೊಳ್ಳಬೇಕಾದರೂ ಇದನ್ನೇ ಕೊಳ್ಳುತ್ತೇನೆ. ದೂರದಿಂದ ತೆಗೆಯುವವರಿಗೆ ಇದು ಬೇಡ. ಜನರ ಹತ್ತಿರ ಹೋಗಿ ನಿಂತು, ತೆಗೆದದ್ದನ್ನು ಅವರಿಗೇ ತೋರಿಸಿ, ಬೇಡವೆಂದರೆ ಅಳಿಸುವ ಮನಸ್ಸಿರುವವರು ಧಾರಾಳವಾಗಿ ಕೊಳ್ಳಬಹುದು.